ರೋಟ್ಯಾಕ್ಸ್ 912: ಆಯಿಲ್ ಟ್ಯಾಂಕಿಗೆ ವಾಪಸ್ ಬರುವುದು ಹೇಗೆ?

ಕಿಟ್ ತರಿಸಿ ತಾವೇ ಕಟ್ಟುವ ಸಣ್ಣ ವಿಮಾನಗಳಲ್ಲಿ ಆಸ್ಟ್ರಿಯಾದ ರೋಟ್ಯಾಕ್ಸ್ 912 ಎಂಜಿನ್ ತುಂಬಾ ಕಾಣಸಿಗುತ್ತದೆ. ಅಂಥ ಕಿಟ್ ವಿಮಾನಗಳಲ್ಲೊಂದಾದ ಆರ್‌ವಿ-12ರ ಮೂತಿಯಲ್ಲಿ ಕೂರುವುದು ಇದರ 100 ಅಶ್ವಶಕ್ತಿಯ ಯುಎಲ್‌ಎಸ್ ಮಾದರಿ. ಈ ಟಿಪ್ಪಣಿ ಅದರ ಬಗ್ಗೆ. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) ರೂಪಿಸಿದ ಹನ್ಸ-ಎನ್‌ಜಿ ತರಬೇತಿ ವಿಮಾನದಲ್ಲೂ ಇದೇ ಬಳಗದ ಎಂಜಿನ್ ಇದೆ. ಆದರೆ ಅದು ಕಾರ್ಬುರೇಟರ್ ಇಲ್ಲದ, ಇಂಧನವನ್ನು ಚಿಮ್ಮಿಸುವ ಇಂಜೆಕ್ಷನ್ ಮಾದರಿ, ಹಾಗಾಗಿ ಕೆಳಗಿನ ಇಗ್ನಿಷನ್, ಇಂಧನದ ಮಾತು ಅದಕ್ಕೆ ಹೊಂದುವುದಿಲ್ಲ.

ಇಂಧನ, ಇಗ್ನಿಷನ್, ಕೂಲಿಂಗ್, ಆಯಿಲ್ ಎಂದು ಒಂದೊಂದೇ ನಕ್ಷೆ ಹಿಡಿದು ಕೂತರೆ ಒಟ್ಟು ಎಂಜಿನ್ ತಲೆಗೆ ಹತ್ತುವುದಿಲ್ಲ. ನನಗೆ ದಾರಿ ಸಿಕ್ಕಿದ್ದು ಒಂದು ಪ್ರಶ್ನೆಯಿಂದ: ಇವುಗಳಲ್ಲಿ ಒಂದೊಂದನ್ನೂ ಓಡಿಸುವುದು ಯಾವುದು?

ಇಗ್ನಿಷನ್‌ಗೆ ಬ್ಯಾಟರಿ ಬೇಡ. ಜನರೇಟರ್ ಒಳಗೇ ಅದಕ್ಕೆಂದು ಬೇರೆ ಕಾಯಿಲ್‌ಗಳಿವೆ. ಎರಡು ಮಾಡ್ಯೂಲ್, ಒಂದೊಂದು ಸಿಲಿಂಡರಿಗೆ ಎರಡು ಪ್ಲಗ್. ಹಾರುವಾಗ ಬ್ಯಾಟರಿ ಸತ್ತರೂ ಕಿಡಿ ಬರುತ್ತಲೇ ಇರುತ್ತದೆ. ಸ್ವಿಚ್ ಆಫ್ ಮಾಡುವುದೆಂದರೆ ಇಲ್ಲಿ ಮಾಡ್ಯೂಲಿನಿಂದ ಸ್ವಿಚ್‌ಗೆ ಬರುವ ತಂತಿಯನ್ನು ಗ್ರೌಂಡ್ ಮಾಡುವುದು, ಅಂದರೆ ಎಂಜಿನ್ನಿನ ಲೋಹದ ಮೈಗೆ ಜೋಡಿಸುವುದು. ತಂತಿ ಎಲ್ಲಾದರೂ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಇಗ್ನಿಷನ್ ಜೀವಂತ. ಪ್ರೊಪೆಲ್ಲರ್ ಮುಟ್ಟುವ ಮೊದಲು ಇದು ನೆನಪಿರಲಿ.

ಇಂಧನದ ಪಂಪ್ ಗೇರ್‌ಬಾಕ್ಸ್ ಮೇಲೆ ಕೂತಿದೆ, ಎಂಜಿನ್ನೇ ಅದನ್ನು ಓಡಿಸುತ್ತದೆ. ಎರಡು ಕಾರ್ಬುರೇಟರ್. ಬಿಸಿಗೆ ಆವಿಯಾದ ಇಂಧನ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ಸಿಲಿಂಡರ್ ಹೆಡ್‌ಗೆ ಕೂಲೆಂಟ್, ಸಿಲಿಂಡರಿಗೆ ಗಾಳಿ. ಗೇರ್ ಅನುಪಾತ 2.43, ಅಂದರೆ ಎಂಜಿನ್ ನಿಮಿಷಕ್ಕೆ 5800 ಸುತ್ತು ಸುತ್ತಿದರೆ ಪ್ರೊಪೆಲ್ಲರ್ ಸುಮಾರು 2390.

ಈಗ ಆಯಿಲ್. ಇದು ಡ್ರೈ ಸಂಪ್ ಎಂಜಿನ್. ಆಯಿಲ್ ಇರುವುದು ಹೊರಗಿನ ಟ್ಯಾಂಕಿನಲ್ಲಿ. ಪಂಪ್ ಅದನ್ನು ಕೂಲರ್ ಮೂಲಕ ಎಳೆದು, ಫಿಲ್ಟರ್ ದಾಟಿಸಿ ಬೇರಿಂಗ್‌ಗಳಿಗೆ ಕೊಡುತ್ತದೆ. ಕೆಲಸ ಮುಗಿಸಿದ ಆಯಿಲ್ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಮುಖ್ಯ ಶಾಫ್ಟ್ ಇರುವ ಪೆಟ್ಟಿಗೆ) ತಳಕ್ಕೆ ಬೀಳುತ್ತದೆ. ಅಲ್ಲಿಂದ ಟ್ಯಾಂಕಿಗೆ ಒಂದು ಪೈಪ್ ಇದೆ, ಆದರೆ ಪಂಪ್ ಇಲ್ಲ! ಬೇರೆ ಡ್ರೈ ಸಂಪ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ವಾಪಸ್ ಎಳೆಯಲು ಇನ್ನೊಂದು ಪಂಪ್ ಇರುತ್ತದೆ. ಇಲ್ಲಿ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಉತ್ತರ ಪಿಸ್ಟನ್ ರಿಂಗ್‌ನಲ್ಲಿದೆ, ಅಂದರೆ ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಸಂದಿ ಮುಚ್ಚುವ ಬಳೆಯಲ್ಲಿ. ರಿಂಗ್ ಎಷ್ಟೇ ಬಿಗಿಯಾಗಿರಲಿ, ಉರಿದ ಅನಿಲ ಸ್ವಲ್ಪ ಸಂದಿಯಲ್ಲಿ ನುಸುಳಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದು ಹೊರಹೋಗಲು ಇರುವುದು ತಳದ ಆ ರಿಟರ್ನ್ ಪೈಪ್ ಮಾತ್ರ. ಪೈಪಿನ ಬಾಯಿಗೆ ಆಯಿಲ್ ಅಡ್ಡ ನಿಂತಿದೆ. ಹಾಗಾಗಿ ಅನಿಲ ಆಯಿಲನ್ನೂ ತಳ್ಳಿಕೊಂಡೇ ಹೋಗಬೇಕು. ಹಳೆಯ ಪಂಪ್ ಸ್ಟವ್‌ನಲ್ಲಿ ಗಾಳಿ ಒತ್ತಿದಾಗ ಸೀಮೆಎಣ್ಣೆ ಮೇಲೇರುತ್ತದಲ್ವಾ, ಅದೇ ಕೆಲಸ. ಟ್ಯಾಂಕಿಗೆ ಬಂದ ಆಯಿಲ್ ಅಲ್ಲೇ ತಳಕ್ಕೆ ಇಳಿಯುತ್ತದೆ, ಅನಿಲ ವೆಂಟ್ ಪೈಪಿನಿಂದ ಆಚೆ ಹೋಗುತ್ತದೆ.

ಇಷ್ಟು ತಿಳಿದರೆ ಮ್ಯಾನುಯಲ್‌ನ ಎಷ್ಟೋ ನಿಯಮಗಳು ಬಾಯಿಪಾಠ ಮಾಡದೆಯೇ ಬರುತ್ತವೆ. ವೆಂಟ್ ಪೈಪ್ ಯಾಕೆ ಮಡಚಬಾರದು, ಕಟ್ಟಿಕೊಳ್ಳಬಾರದು? ಅನಿಲಕ್ಕೆ ಕೊನೆಯ ಬಾಗಿಲು ಅದೇ. ಟ್ಯಾಂಕ್ ಯಾಕೆ ತುಂಬಾ ಎತ್ತರದಲ್ಲಿರಬಾರದು? ಎಂಜಿನ್ ನಿಂತಾಗ ಆಯಿಲ್ ಮೆಲ್ಲಗೆ ಎಂಜಿನ್ ಒಳಗೆ ಇಳಿದುಬಿಡುತ್ತದೆ.

ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ನೋಡುವ ಮೊದಲು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವುದೂ ಇದಕ್ಕೇ. ಎರಡೂ ಇಗ್ನಿಷನ್ ಆಫ್ ಮಾಡಿ, ಟ್ಯಾಂಕಿನ ಮುಚ್ಚಳ ತೆಗೆದು, ಎಂಜಿನ್ ಓಡುವ ದಿಕ್ಕಿನಲ್ಲೇ ನಿಧಾನ ತಿರುಗಿಸಬೇಕು. ಕಂಪ್ರೆಷನ್ ಗಟ್ಟಿಯಾಗುವ ಕಡೆ ಒಂದೆರಡು ಸೆಕೆಂಡ್ ತಡೆದು ಹಿಡಿದರೆ ರಿಂಗ್ ಸಂದಿಯಲ್ಲಿ ಗಾಳಿ ಇಳಿಯಲು ಸಮಯ ಸಿಗುತ್ತದೆ. ತಳದ ಆಯಿಲ್ ಎಲ್ಲ ಹೋದ ಮೇಲೆ ಬರೀ ಗಾಳಿ ಟ್ಯಾಂಕಿಗೆ ನುಗ್ಗಿ ಗುಳುಗುಳು ಸದ್ದಾಗುತ್ತದೆ. ಅಳತೆ ನೋಡುವುದು ಆಮೇಲೆ. ಸುಮ್ನೆ ಕಡ್ಡಿ ಅದ್ದಿ ನೋಡಿದರೆ ಕಡಿಮೆ ಕಾಣಬಹುದು. ಹಾಗೆಂದು ಸುರಿದರೆ ಜಾಸ್ತಿ ಆಗುತ್ತದೆ, ಏಕೆಂದರೆ ಕಡ್ಡಿಯ ಎರಡು ಗುರುತಿನ ನಡುವೆ ಇರುವುದೇ 0.45 ಲೀಟರ್. ಹಿಂದಕ್ಕೆ ಮಾತ್ರ ತಿರುಗಿಸಬೇಡಿ, ಆಯಿಲ್ ದಾರಿಯೊಳಗೆ ಗಾಳಿ ಸೇರಿಕೊಳ್ಳುತ್ತದೆ.

ಇನ್ನೊಂದು ಮಾತು, ಇದನ್ನು ಅಡಿಗೆರೆ ಎಳೆದು ಇಟ್ಟುಕೊಳ್ಳಿ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು, ಕೂಲರ್ ಸಮೇತ, ಎಳೆತದ ಬದಿ. ಅಲ್ಲಿ ಕ್ಲಾಂಪ್ ಸಡಿಲವಾದರೆ ಎಂಜಿನ್ ಓಡುವಾಗ ಆಯಿಲ್ ತೊಟ್ಟಿಕ್ಕದೆಯೂ ಇರಬಹುದು. ಬದಲಿಗೆ ಗಾಳಿ ಒಳಗೆ ಬರುತ್ತದೆ, ಪ್ರೆಶರ್ ಮುಳ್ಳು ಕೆಳಗಿಳಿಯುತ್ತದೆ. ಹಾಗಾಗಿ ಆ ಪೈಪುಗಳಲ್ಲಿ ಯಾವುದನ್ನು ಬಿಚ್ಚಿದರೂ, ಮತ್ತೆ ಸ್ಟಾರ್ಟ್ ಮಾಡುವ ಮೊದಲು ಮ್ಯಾನುಯಲ್ ಹೇಳಿದ ಕ್ರಮದಲ್ಲಿ ಗಾಳಿ ತೆಗೆದು, ಆಯಿಲ್ ಪ್ರೆಶರ್ ಏರುವುದನ್ನು ಗೇಜ್‌ನಲ್ಲಿ ಕಣ್ಣಾರೆ ನೋಡಬೇಕು.