ಕಜಖ್ ಜನ ತಾವಾಗಿಯೇ ರಷ್ಯಾ ಸೇರಿದರಾ?

ಓದುಗರ ಪ್ರಶ್ನೆ: ಕಜಖ್ ಅಲೆಮಾರಿಗಳು 1731ರಲ್ಲಿ ಸ್ವಇಚ್ಛೆಯಿಂದ ರಷ್ಯಾ ಸೇರಿದರು ಅಂತ ಒಂದು ಕಡೆ ಓದಿದೆ. ರಷ್ಯಾ ಅವರ ನೆಲ ಕಿತ್ತುಕೊಂಡಿತು ಅಂತ ಇನ್ನೊಂದು ಕಡೆ ಇದೆ. ಯಾವುದನ್ನು ನಂಬಬೇಕು?

ಉತ್ತರ: ಒಬ್ಬ ಖಾನ್, ಅಂದರೆ ಕಜಖ್ ದೊರೆ, ಕೈಚಾಚಿ ಕೇಳಿದ್ದು ನಿಜ. ಆದರೆ ಅವನು ಕೇಳಿದ್ದೇ ಒಂದು, ರಷ್ಯಾ ಬರೆದುಕೊಂಡಿದ್ದೇ ಇನ್ನೊಂದು.

ಆಗ ಈಗಿನ ಕಜಕಿಸ್ತಾನದ ಹುಲ್ಲುಗಾವಲಲ್ಲಿ ಅಲೆಯುತ್ತಿದ್ದ ಕಜಖರಿಗೆಲ್ಲ ಒಬ್ಬನೇ ದೊರೆ ಇರಲಿಲ್ಲ. ಹಿರಿಯ, ಮಧ್ಯಮ, ಕಿರಿಯ ಅಂತ ಮೂರು ಗುಂಪುಗಳು. ಅವರ ಮಾತಿನಲ್ಲಿ 'ಜುಜ್'. 1723ರಲ್ಲಿ ಪೂರ್ವದಿಂದ ಜುಂಗಾರರು ಎಂಬ ಮಂಗೋಲ್ ಜನ ನುಗ್ಗಿದರು. ಜನ ಕುರಿ, ಕುದುರೆ ಬಿಟ್ಟು ಜೀವ ಉಳಿದರೆ ಸಾಕು ಅಂತ ಓಡಿದರು. ಆ ದಿನಗಳನ್ನು ಕಜಖರು ಇವತ್ತಿಗೂ 'ಅಕ್ತಬಾನ್ ಶುಬಿರಿಂದಿ' ಎನ್ನುತ್ತಾರೆ. ಅಕ್ತಬಾನ್ ಅಂದರೆ ಬಿಳಿ ಅಂಗಾಲು. ನಡೆದು ನಡೆದು ಅಂಗಾಲು ಬಿಳಚಿಕೊಂಡ ಕಾಲ ಅದು. ಪಶ್ಚಿಮಕ್ಕೆ ಸರಿದರೆ ಅಲ್ಲಿ ಬಷ್ಕಿರರು ಮತ್ತು ಕಲ್ಮಿಕರ ಜೊತೆ ಜಗಳ. ಅವರಿಬ್ಬರೂ ರಷ್ಯಾದ ಕೈಕೆಳಗಿನವರು.

ಹೀಗೆ ಎರಡೂ ಕಡೆ ಇಕ್ಕಟ್ಟಿಗೆ ಸಿಕ್ಕ ಕಿರಿಯ ಜುಜ್‌ನ ಖಾನ್ ಅಬುಲ್‌ಖೈರ್ 1730ರಲ್ಲಿ ರಷ್ಯಾದ ಸಾಮ್ರಾಜ್ಞಿ ಆನ್ನಾ ಬಳಿಗೆ ದೂತರನ್ನು ಕಳಿಸಿದ. ಬಷ್ಕಿರರ ಕಾಟ ನಿಲ್ಲಬೇಕು, ತನಗೆ ಬೆನ್ನೆಲುಬಾಗಿ ಒಬ್ಬರು ಬೇಕು, ಖಾನ್ ಪಟ್ಟ ತನ್ನ ಮನೆತನದಲ್ಲೇ ಉಳಿಯಬೇಕು. ಅವನ ಲೆಕ್ಕ ಇಷ್ಟೇ.

ಮರುವರ್ಷ ಅಕ್ಟೋಬರ್‌ನಲ್ಲಿ ರಷ್ಯಾದ ಪರವಾಗಿ ತೆವ್ಕೆಲೆವ್ ಬಂದ. ಅವನೂ ಮುಸ್ಲಿಮನೇ, ತಾತಾರ್ ದುಭಾಷಿ. ಅಲ್ಲಿ ಅವನಿಗೆ ಸಿಕ್ಕಿದ್ದು ಸ್ವಾಗತವಲ್ಲ, ಸಿಟ್ಟು. ನಮ್ಮನ್ನು ಒಂದು ಮಾತು ಕೇಳದೆ ಇದನ್ನೆಲ್ಲ ಹೇಗೆ ಮಾಡಿದೆ ಅಂತ ಮುಖಂಡರು ಖಾನನ ಮೇಲೆ ಹರಿಹಾಯ್ದರು. ಕಜಖರ ಖಾನ್ ಹೇಳಿದ್ದನ್ನು ಎಲ್ಲರೂ ಕೇಳಲೇಬೇಕು ಅಂತೇನೂ ಇರಲಿಲ್ಲ. ಅವನನ್ನು ಬಿಳಿ ಉಣ್ಣೆಯ ಹಾಸಿನ ಮೇಲೆ ಎತ್ತಿ ಖಾನ್ ಮಾಡುತ್ತಿದ್ದವರೇ ಆ ಮುಖಂಡರು. ಕೊನೆಗೆ ಅಬುಲ್‌ಖೈರ್ ಕುರಾನ್ ಮುಟ್ಟಿ ಪ್ರಮಾಣ ಮಾಡಿದಾಗ ಅವನ ಜೊತೆ ನಿಂತವರು ಸುಮಾರು 30 ಜನ. ಇಡೀ ಕಜಖ್ ಜನರ ಇಚ್ಛೆ ಅಂತ ಆಮೇಲೆ ಬರೆದದ್ದು ಇದನ್ನೇ.

ರಷ್ಯಾದ ಆಗಿನ ರಾಜಧಾನಿ ಪೀಟರ್ಸ್‌ಬರ್ಗ್‌ನ ಕಡತದಲ್ಲಿ ಆ ಪ್ರಮಾಣದ ಅರ್ಥ ಒಂದೇ: ಇವರು ಇನ್ನು ನಮ್ಮ ಪ್ರಜೆಗಳು, ಎಂದೆಂದಿಗೂ. ಹುಲ್ಲುಗಾವಲಿನ ಕಜಖರಿಗೆ ಅದು ಸ್ನೇಹದ ಒಪ್ಪಂದ. ಇಬ್ಬರಿಗೂ ಉಪಯೋಗ ಇರುವವರೆಗೆ ಇರುತ್ತದೆ, ಅಷ್ಟೇ. ಮಧ್ಯಮ ಜುಜ್‌ನ ಅಬ್ಲಾಯ್ 1740ರಲ್ಲಿ ರಷ್ಯಾಕ್ಕೆ ಪ್ರಮಾಣ ಮಾಡಿದ, 1757ರಲ್ಲಿ ಚೀನಾದ ಚಿಂಗ್ ಸಾಮ್ರಾಟನಿಗೂ ತಲೆಬಾಗಿದ. ಅವನ ಜನಕ್ಕೆ ಇದರಲ್ಲಿ ಮೋಸ ಕಾಣಲಿಲ್ಲ. ರಷ್ಯಾ ಮಾತ್ರ ಖಾನರ ಮಕ್ಕಳನ್ನು ಒತ್ತೆ ಇಟ್ಟುಕೊಳ್ಳುತ್ತಿತ್ತು. ಅಬುಲ್‌ಖೈರನ ಮಗ ಎರಾಲಿಯೂ ಹಾಗೆ ಹೋದವನೇ. ಇಂಥ ಒತ್ತೆಯಾಳಿಗೆ 'ಅಮಾನತ್' ಎನ್ನುತ್ತಿದ್ದರು. ನಮ್ಮ 'ಅಮಾನತು' ಬಂದಿರುವುದೂ ಅದೇ ಅರಬ್ಬಿ ಪದದಿಂದ.

ಪ್ರಮಾಣದ ಬಗ್ಗೆ ಇಷ್ಟು ಸಾಕು. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಹುಲ್ಲು. ಬೇಸಿಗೆಯಲ್ಲಿ ಹುಲ್ಲಿಗೆ ಬರವಿಲ್ಲ, ಎಲ್ಲಿ ಬೇಕಾದರೂ ಮೇಯಿಸಬಹುದು. ಕಷ್ಟ ಇರುವುದು ಚಳಿಗಾಲದಲ್ಲಿ. ಆಗ ನದಿ ದಡವೇ ಗತಿ. ಅಲ್ಲಿ ಜೊಂಡು ಗಾಳಿ ತಡೆಯುತ್ತದೆ. ಮೊದಲು ಕುದುರೆಗಳನ್ನು ಬಿಡುತ್ತಾರೆ, ಅವು ಗೊರಸಿನಿಂದ ಹಿಮ ಕೆದಕಿ ಮೇಯುತ್ತವೆ. ಉಳಿದದ್ದು ಹಿಂದೆ ಬರುವ ದನ, ಕುರಿಗಳಿಗೆ. ನಡುವೆ ಒಮ್ಮೆ ಹಿಮ ಕರಗಿ ಮತ್ತೆ ಗಟ್ಟಿಯಾದರೆ ಮುಗಿಯಿತು. ಹುಲ್ಲಿನ ಮೇಲೆ ಮಂಜುಗಡ್ಡೆಯ ಪದರ, ಗೊರಸಿಗೂ ಒಡೆಯುವುದಿಲ್ಲ. ಕಾಲ ಕೆಳಗೇ ಮೇವು ಇದ್ದೂ ಸಾವಿರಾರು ಜಾನುವಾರು ಹಸಿದು ಸಾಯುತ್ತವೆ. ಇದಕ್ಕೆ ಕಜಖರು 'ಜುತ್' ಎನ್ನುತ್ತಾರೆ. ಅಂಥ ವರ್ಷ ತಕ್ಷಣ ಬೇರೆ ಕಡೆಗೆ ಹೊರಡಲೇಬೇಕು, ಬೇರೆ ದಾರಿಯೇ ಇಲ್ಲ.

ರಷ್ಯಾದ ಕೋಟೆಗಳು ಎದ್ದಿದ್ದು ಆ ನದಿಗಳ ಉದ್ದಕ್ಕೇ. ಇರ್ತಿಶ್ ನದಿಯ ಮೇಲೆ 1716ರಲ್ಲಿ ಓಮ್ಸ್ಕ್, 1718ರಲ್ಲಿ ಸೆಮಿಪಲಾತಿನ್ಸ್ಕ್. ಓರ್ ನದಿಯ ಬಳಿ 1735ರಲ್ಲಿ ಒರೆನ್‌ಬರ್ಗ್. ಇದು ಅಬುಲ್‌ಖೈರನೇ ಕೇಳಿ ಕಟ್ಟಿಸಿಕೊಂಡ ಕೋಟೆ! ಇರ್ತಿಶ್ ದಡದ ಸುಮಾರು 10 ಕಿ.ಮೀ. ಅಗಲದ ಪಟ್ಟಿ ರಷ್ಯಾದ ಗಡಿ ಕಾಯುತ್ತಿದ್ದ ಕುದುರೆ ಸವಾರ ಸೈನಿಕರಾದ ಕೊಸಾಕರ ಪಾಲಾಯಿತು. 1756ರಲ್ಲಿ ಕಜಖರು ಯಾಯಿಕ್ ನದಿ, ಅಂದರೆ ಈಗಿನ ಉರಾಲ್, ದಾಟಿ ಹಿಂಡು ಹೊಡೆಯಬಾರದು ಅಂತ ಆದೇಶ ಬಂತು. ಪಶ್ಚಿಮ ದಡದ ಚಳಿಗಾಲದ ಹುಲ್ಲು ಒಂದು ಕಾಗದದಿಂದ ಕೈತಪ್ಪಿತು.

ಅಷ್ಟು ಹೊತ್ತಿಗೆ ಅಬುಲ್‌ಖೈರ್ ಇರಲಿಲ್ಲ. 1748ರಲ್ಲೇ ಎದುರಾಳಿ ಬರಾಕ್ ಸುಲ್ತಾನನ ಕೈಯಲ್ಲಿ ಸತ್ತಿದ್ದ. 1822ರಲ್ಲಿ ಮಧ್ಯಮ ಜುಜ್‌ನ, 1824ರಲ್ಲಿ ಕಿರಿಯ ಜುಜ್‌ನ ಖಾನ್ ಪಟ್ಟವನ್ನೇ ರಷ್ಯಾ ತೆಗೆದುಹಾಕಿತು. ಅಬ್ಲಾಯ್‌ನ ಮೊಮ್ಮಗ ಕೆನೆಸರಿ 1837ರಿಂದ 1847ರವರೆಗೆ, ಸಾಯುವ ತನಕ ಹೋರಾಡಿದ. ತಾವಾಗಿಯೇ ಸೇರಿದವರು ಹತ್ತು ವರ್ಷ ಬಂಡೇಳುತ್ತಾರಾ?

ಕೊನೆಗೆ 1868ರ ಕಾನೂನು ಹುಲ್ಲುಗಾವಲೆಲ್ಲ ಸರ್ಕಾರದ ಆಸ್ತಿ, ಕಜಖರಿಗೆ ಇರುವುದು ಮೇಯಿಸುವ ಹಕ್ಕು ಮಾತ್ರ ಎಂದಿತು. ಆಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ರೈತರು ರಷ್ಯಾ ಕಡೆಯಿಂದ ಬಂದು ನೆಲೆಸಿದರು. ಒಳ್ಳೆ ನೀರು, ಒಳ್ಳೆ ಮಣ್ಣು ಇದ್ದ ಕಡೆಯೇ ನೇಗಿಲು ಹೂಡಿದರು.