ಅಮಿಗೋವಿಯೊ: ಫ್ರೆಂಡ್‌ಗಿಂತ ಜಾಸ್ತಿ, ಲವರ್‌ಗಿಂತ ಕಮ್ಮಿ

"ಫ್ರೆಂಡ್‌ಗಿಂತ ಜಾಸ್ತಿ, ಲವರ್‌ಗಿಂತ ಕಮ್ಮಿ" ಅಂತ ನಾವು ಉದ್ದಕ್ಕೆ ಎಳೀತೀವಲ್ಲ, ಅದನ್ನ ಅರ್ಜೆಂಟೀನಾ, ಮೆಕ್ಸಿಕೋ, ಉರುಗ್ವೆ, ಪರಾಗ್ವೆ ಕಡೆ ಸ್ಪ್ಯಾನಿಶ್ ಮಾತಾಡೋರು ಒಂದೇ ಪದದಲ್ಲಿ ಮುಗಿಸಿಬಿಡ್ತಾರೆ. ಅಮಿಗೋವಿಯೊ. ಅಮಿಗೊ ಅಂದ್ರೆ ಫ್ರೆಂಡು, ನೋವಿಯೊ ಅಂದ್ರೆ ಬಾಯ್‌ಫ್ರೆಂಡು, ಎರಡನ್ನೂ ಕತ್ತರಿಸಿ ಅಂಟಿಸಿದಾರೆ ಅಷ್ಟೇ.

ಮಜಾ ಇರೋದು ನೋವಿಯೊದಲ್ಲಿ. ಬಾಯ್‌ಫ್ರೆಂಡು ಅಂದ್ನಲ್ಲ, ಮದುವೆ ನಿಶ್ಚಯ ಆಗಿರೋ ಹುಡುಗನೂ ನೋವಿಯೊನೇ, ಚರ್ಚಲ್ಲಿ ಸೂಟ್ ಹಾಕ್ಕೊಂಡು ನಿಂತಿರೋ ಮದುಮಗನೂ ನೋವಿಯೊನೇ, ಮದುವೆ ಊಟದಲ್ಲಿ ಜನ ಗ್ಲಾಸ್ ಎತ್ತಿ "ವೀವಾನ್ ಲೋಸ್ ನೋವಿಯೋಸ್" ಅಂತ ಕೂಗೋದು ಗಂಡು ಹೆಣ್ಣು ಇಬ್ರಿಗೂ ಸೇರಿ. ಬೇರು ಲ್ಯಾಟಿನ್ನಿನ ನೋವುಸ್, ಅಂದ್ರೆ ಹೊಸದು. ನಮ್ಮ ನವವಧು, ನವದಂಪತಿಯಲ್ಲಿ ಬರೋ ಸಂಸ್ಕೃತದ 'ನವ' ಇದರ ದಾಯಾದಿನೇ. ಇಷ್ಟು ಮದುವೆಮನೆ ವಾಸನೆ ಹೊಡಿಯೋ ಪದಾನ, ವಾರಕ್ಕೊಂದ್ಸಲ ಸಿನಿಮಾ ನೋಡಿ ಮುತ್ತು ಕೊಟ್ಟು ಮನೆಗೆ ಹೋಗೋ ಹುಡುಗನಿಗೆ ಹೇಗೆ ಕೊಡೋದು ಹೇಳಿ?

ಹೊಲಿಗೆ ಹಾಕಿರೋ ಜಾಗ ನೋಡಿ. ಅಮಿಗೊ ಮುಗಿಯೋದು 'ಒ'ಗೆ, ನೋವಿಯೊದಲ್ಲಿ 'ನ್' ಆದ್ಮೇಲೆ ಬರೋದೂ 'ಒ'ನೇ, ಆ ಒಂದು ಸ್ವರಾನ ಎರಡೂ ಪದ ಹಂಚ್ಕೊಂಡಿವೆ, ಹಾಗಾಗಿ ಪೂರ್ತಿ ಕಳೆದುಹೋಗಿದ್ದು ಒಂದು 'ನ್' ಮಾತ್ರ. ಊರು ಅಲ್ಲಿ ಸೇರಿ ಊರಲ್ಲಿ ಆಗೋ ನಮ್ಮ ಲೋಪಸಂಧಿ ಥರ ಅನ್ಸಬಹುದು, ಆದ್ರೆ ಅಲ್ಲಿ ಬೀಳೋದು ಸ್ವರ, ಇಲ್ಲಿ ವ್ಯಂಜನಾನೇ ನುಂಗಿದಾರೆ. ಹುಡುಗಿಗೆ ಬಂದ್ರೆ ಇನ್ನೂ ಚೆಂದ, ಅಮಿಗಾ ಮತ್ತೆ ನೋವಿಯಾ ಸೇರಿದ್ರೆ ಅಮಿಗಾವಿಯಾ ಆಗ್ಬೇಕಿತ್ತು ತಾನೇ, ಆಗಲ್ಲ, ಅಮಿಗೋವಿಯಾ ಅಂತಾನೇ, ನಡುವಿನ 'ಓ' ಕದಲೋದೇ ಇಲ್ಲ. (ಅಂದಹಾಗೆ ಬರೆಯೋದು 'ವ', ಬಾಯಲ್ಲಿ ಕೇಳ್ಸೋದು 'ಬ' ಹತ್ರ.)

ಪಡ್ಡೆ ಹುಡುಗರ ಮಾತು ಅಂತ ತಳ್ಳಿಹಾಕೋಕೂ ಆಗಲ್ಲ. ಸ್ಪ್ಯಾನಿಶ್ ಭಾಷೆ ನೋಡ್ಕೊಳ್ಳೋಕೆ ಅಂತಾನೇ 1713ರಲ್ಲಿ ಶುರುವಾದ ಸ್ಪೇನಿನ ರಾಯಲ್ ಅಕಾಡೆಮಿ 2014ರಲ್ಲಿ ತಂದ ನಿಘಂಟಿನ 23ನೇ ಆವೃತ್ತಿಗೆ ಇದನ್ನ ಸೇರಿಸ್ಕೊಳ್ತು, ಆಡುಮಾತು ಅನ್ನೋ ಗುರುತು ಹಾಕಿ.

ಸ್ಪೇನಲ್ಲಿ ಮಾತ್ರ ಜನ ಬೇರೆ ಥರ ಹೇಳ್ತಾರೆ, ಅಮಿಗೊ ಕೊನ್ ದೆರೇಚೊ ಆ ರೋಥೆ, ಅಂದ್ರೆ "ಮೈ ತಾಗಿಸೋ ಹಕ್ಕಿರೋ ಗೆಳೆಯ". ಪಹಣೀಲಿ ಹೆಸರು ಬರೆಸ್ಕೊಂಡ ಹಾಗಿದೆ, ನಂಗಂತೂ ಅಮಿಗೋವಿಯೊನೇ ಇಷ್ಟ.