ಎಲ್ಲದಕ್ಕೂ ಗಿಮಿಕ್ ಅಂದರೆ ಹೇಗೆ?

ಚಳಿಗಾಲದ ಅಧಿವೇಶನ ಬಂತೆಂದರೆ ಬೆಳಗಾವಿಯಲ್ಲಿ ‘ಗಿಮಿಕ್’ ಪದಕ್ಕೆ ಸುಗ್ಗಿ. ಸುವರ್ಣ ವಿಧಾನಸೌಧದೊಳಗೆ ವಿರೋಧ ಪಕ್ಷದವರು ಬಾವಿಗಿಳಿದರೆ ಗಿಮಿಕ್, ಹೊರಗೆ ಟೆಂಟ್‌ನಲ್ಲಿ ಕಬ್ಬು ಬೆಳೆಗಾರರು ಧರಣಿ ಕೂತರೆ ಅದೂ ಗಿಮಿಕ್, ಶಾಸಕ ಪಕ್ಷ ಬಿಟ್ಟರೂ ಗಿಮಿಕ್ಕೇ. ಸಾಕು ಮಾರಾಯರೇ.

ಗಿಮಿಕ್ ಅಮೆರಿಕದ ಜಾತ್ರೆ-ಜೂಜಿನವರ ಆಡುಮಾತು. ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1920ರ ದಶಕದಲ್ಲಿ. ಅದೃಷ್ಟಚಕ್ರ ತಿರುಗಿಸುವವನು, ತನಗೆ ಬೇಕಾದ ನಂಬರಿಗೇ ಚಕ್ರ ನಿಲ್ಲಲಿ ಎಂದು ಮರೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಕಳ್ಳ ಸಾಧನಕ್ಕೆ ಆ ಹೆಸರು. ದುಡ್ಡು ಕಟ್ಟಿದವನ ಕಣ್ಣಿಗೆ ಚಕ್ರ ಮಾತ್ರ ಕಾಣಬೇಕು, ಅಡಿಯ ಬ್ರೇಕ್ ಕಾಣಬಾರದು. ಜಾದೂಗಾರರು ಈಗಲೂ ತಮ್ಮ ಗುಪ್ತ ಸಲಕರಣೆಯನ್ನು ಹಾಗೇ ಕರೆಯುತ್ತಾರೆ. ಮುಂದೆ ಅರ್ಥ ಹಿಗ್ಗಿ, ಗಿರಾಕಿ ಸೆಳೆಯುವ ಯಾವ ತಂತ್ರಕ್ಕೂ ಅಂಟಿಕೊಂಡಿತು, ನಿಜ. ಆದರೂ ಹೊರಗೊಂದು ಒಳಗೊಂದು ಇದ್ದರೇ ಆ ಪದಕ್ಕೆ ಕಳೆ. ಚುನಾವಣೆಗೆ ಎರಡು ತಿಂಗಳಿರುವಾಗ ಏತ ನೀರಾವರಿಗೆ ಭೂಮಿಪೂಜೆ ಆಗುತ್ತದೆ, ತೆಂಗಿನಕಾಯಿ ಒಡೆಯುತ್ತದೆ, ಬಜೆಟ್ ಪುಸ್ತಕದಲ್ಲಿ ಮಾತ್ರ ಆ ಕೆಲಸಕ್ಕೆ ಒಂದು ರೂಪಾಯಿಯೂ ಇರುವುದಿಲ್ಲ. ಅದು ಅಪ್ಪಟ ಗಿಮಿಕ್. ಕಬ್ಬಿನ ಬಿಲ್ ಬಾಕಿ ಕೊಡಿ ಎಂದು ಬಾಯಿಬಿಟ್ಟು ಕೇಳುವವನು ಏನು ಮುಚ್ಚಿಟ್ಟಿದ್ದಾನೆ?

ಸ್ಟಂಟ್ ಬೇರೆ. ಅದಕ್ಕೆ ಮರೆ ಬೇಡ, ಕ್ಯಾಮೆರಾ ಬೇಕು. ಎತ್ತಿನ ಗಾಡಿಯಲ್ಲಿ ಸದನಕ್ಕೆ ಬರುವುದು ಸ್ಟಂಟ್. ಗೇಟಿನವರೆಗೆ ಎಸಿ ಕಾರಿನಲ್ಲಿ ಬಂದು ಅಲ್ಲಿ ಗಾಡಿ ಹತ್ತಿದ್ದರೆ, ಆಗ ಬೇಕಾದರೆ ಗಿಮಿಕ್ ಅನ್ನಿ, ನನ್ನ ತಕರಾರಿಲ್ಲ.

ಪಕ್ಷಾಂತರದ ಹಿಂದಿನ ವ್ಯವಹಾರಕ್ಕೆ ಹಾರ್ಸ್ ಟ್ರೇಡಿಂಗ್ ಇದೆ, ನಮ್ಮ ಕುದುರೆ ವ್ಯಾಪಾರ. ಅಮೆರಿಕದಲ್ಲಿ ಅದು ಬರೀ ಚೌಕಾಶಿ, ‘ನೀನು ಇದಕ್ಕೆ ಒಪ್ಪು, ನಾನು ಅದಕ್ಕೆ ಒಪ್ಪುತ್ತೇನೆ’ ಎಂಬಷ್ಟೇ. ಶಾಸಕರನ್ನೇ ಕೊಂಡು ರೆಸಾರ್ಟ್‌ಗೆ ಸಾಗಿಸುವ ಅರ್ಥ ಕೊಟ್ಟವರು ನಾವು.

ಇತ್ತೀಚೆಗೆ ಸ್ವಲ್ಪ ಓದಿದವರು ಯಾವ ರಾಜಕೀಯ ಕುತಂತ್ರಕ್ಕೂ ‘ಜೆರಿಮ್ಯಾಂಡರಿಂಗ್’ ಅನ್ನುತ್ತಿದ್ದಾರೆ. ಗಡಿಗೆರೆ ಇಲ್ಲದೆ ಆ ಪದವಿಲ್ಲ. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರಿ ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ಕ್ಷೇತ್ರಗಳನ್ನು ಕತ್ತರಿಸಿದ ಕಾಯ್ದೆಗೆ ಸಹಿ ಹಾಕಿದ. ಅದರಲ್ಲೊಂದು ಕ್ಷೇತ್ರ ನಕ್ಷೆಯಲ್ಲಿ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಂಡಿತು. ಬಾಸ್ಟನ್ನಿನ ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು ಗವರ್ನರನ ಹೆಸರು ಅಂಟಿಸಿತು. (ಆತ ‘ಗೆರಿ’, ಪದ ಮಾತ್ರ ‘ಜೆರಿ’ ಆಗಿ ಉಳಿಯಿತು.) ಬೆಳಗಾವಿ ಪಾಲಿಕೆಯ 58 ವಾರ್ಡ್‌ಗಳ ಮರುವಿಂಗಡಣೆಯ ಮಾತು ಬಂದಾಗ ಈ ಪದ ಧಾರಾಳವಾಗಿ ಬಳಸಿ. ಆದರೆ ಮೊದಲು ನಕ್ಷೆ ತರಿಸಿಕೊಳ್ಳಿ. ಒಂದೇ ಗಲ್ಲಿಯ ಎಡಬದಿ ಒಂದು ವಾರ್ಡಿಗೆ, ಬಲಬದಿ ಇನ್ನೊಂದಕ್ಕೆ ಯಾಕೆ ಹೋಯಿತು, ಅದರಿಂದ ಗೆದ್ದವರು ಯಾರು ಅಂತ ನೋಡಿ.